ಮೀನೂಟದ ಹೋಟೆಲಿನಲ್ಲಿ 'ಮೀನು ಆಗೋದಿಲ್ಲ' ಎಂದರೆ...

ಮಧ್ಯಾಹ್ನ ಒಂದೂವರೆ ಗಂಟೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಬಂದರಿನ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಮುಂದಿನ ದಾರಿಯನ್ನು ಮೂಗೇ ತೋರಿಸುತ್ತದೆ. ಕಾದ ತೆಂಗಿನೆಣ್ಣೆ, ಕೆಂಪು ಮೆಣಸು, ಹುಣಸೆಹುಳಿ, ಬಂಗುಡೆ. ಹೋಟೆಲಿನೊಳಗೆ ಮಾಣಿ ಸ್ಟೀಲ್ ತಟ್ಟೆಯಲ್ಲಿ ಮಸಾಲೆ ಮೆತ್ತಿದ ಅಂಜಲ್, ಕಾಣೆ, ಮಾಂಜಿ, ಸಿಗಡಿ ಎಲ್ಲವನ್ನೂ ಸಾಲಾಗಿ ಜೋಡಿಸಿಕೊಂಡು ಬಂದು ಗಿರಾಕಿಯ ಮೂಗಿನ ಕೆಳಗೇ ಹಿಡಿಯುತ್ತಾನೆ. "ಯಾವುದು ಹಾಕ್ಲಿ?" ಮೂಲೆಯ ಮೇಜಿನ ಗಿರಾಕಿಯೊಬ್ಬ ಕೈ ಅಡ್ಡ ಹಿಡಿದು, "ನಂಗೆ ಮೀನು ಆಗೋದಿಲ್ಲ ಮಾರಾಯ, ಒಂದು ಚಿಕನ್ ಫ್ರೈ ತಾ" ಎಂದರೆ ಮಾಣಿ ಒಳಗೆ ಕೂಗಿ ಹೇಳುತ್ತಾನೆ, "ಒಂದು ಚಿಕನ್!" ಅಲ್ಲಿಗೆ ಅವನ ಮಟ್ಟಿಗೆ ಮಾತು ಮುಗಿಯಿತು.

ಆದರೆ ಒಳಗೆ ಇರುವುದು ಒಂದೇ ಕಾವಲಿ. ಮಸಾಲೆಯ ಬೇಸಿನ್ನೂ ಒಂದೇ. ಬೆಳಗ್ಗೆ ಅದರಲ್ಲಿ ಅದ್ದಿದ್ದು ಅಂಜಲ್ ತುಂಡು, ಆಮೇಲೆ ಸಿಗಡಿ, ಈಗ ಕೋಳಿ. ಕಾವಲಿಯ ಮೇಲಿನ ಎಣ್ಣೆಯೂ ಅದೇ, ಮಗುಚುವ ಸಟ್ಟುಗವೂ ಅದೇ. ಗಿರಾಕಿ ಮೀನು ತಿನ್ನಲಿಲ್ಲ ನಿಜ, ಆದರೆ ಮೀನು ಮಾತ್ರ ಅವನ ತಟ್ಟೆಗೆ ಬಂದೇ ಬಂತು.

ನೂರಕ್ಕೆ ತೊಂಬತ್ತೊಂಬತ್ತು ಜನರಿಗೆ ಇದರಿಂದ ಏನೂ ಆಗುವುದಿಲ್ಲ. ಕೋಳಿಗೆ ಮೀನಿನ ರುಚಿ ಹತ್ತಿತು ಎಂದು ಇನ್ನೂ ಎರಡು ತುತ್ತು ಜಾಸ್ತಿ ಉಂಡಾರು! ತೊಂದರೆ ಇರುವುದು ಉಳಿದ ಒಬ್ಬನದು. ಮೀನಿನ ಅಲರ್ಜಿ ಇದ್ದವನಿಗೆ ತುಟಿ ಊದುವುದು, ಮೈಯೆಲ್ಲಾ ಗಂದೆ ಏಳುವುದು, ವಾಂತಿ, ಕೊನೆಗೆ ಉಸಿರು ಕಟ್ಟಿ ರಕ್ತದೊತ್ತಡ ಕುಸಿಯುವುದು, ಇಷ್ಟೆಲ್ಲಾ ಕೆಲವೇ ನಿಮಿಷಗಳಲ್ಲಿ ಆಗಿಹೋಗಬಹುದು. ಬಿಲ್ಲು ಕೊಡುವ ಮುಂಚೆ ಆಂಬ್ಯುಲೆನ್ಸ್ ಕರೆಯುವ ಪ್ರಸಂಗ.

'ಆಗೋದಿಲ್ಲ' ಎಂಬ ಮಾತಿನ ಗೊಂದಲ

ಕರಾವಳಿಯಲ್ಲಿ 'ಮೀನು ಆಗೋದಿಲ್ಲ' ಎಂದರೆ ಹತ್ತು ಅರ್ಥ. ಸೋಮವಾರ ಆಗೋದಿಲ್ಲ, ಶನಿವಾರ ಆಗೋದಿಲ್ಲ, ಸಂಕ್ರಮಣಕ್ಕೆ ಆಗೋದಿಲ್ಲ, ಶಬರಿಮಲೆಗೆ ಮಾಲೆ ಹಾಕಿದೆ ಆಗೋದಿಲ್ಲ, ವಾಸನೆ ಆಗೋದಿಲ್ಲ, ಮುಳ್ಳು ಬಿಡಿಸುವುದಕ್ಕೆ ತಾಳ್ಮೆ ಇಲ್ಲ ಹಾಗಾಗಿ ಆಗೋದಿಲ್ಲ. ತುಳುವಿನಲ್ಲಿ 'ಎಂಕ್ ಮೀನ್ ಆಪುಜಿ' ಎಂದರೂ ಕಥೆ ಅದೇ. ಮಾಣಿಯ ಕಿವಿಗೆ ಇವೆಲ್ಲವೂ ಒಂದೇ. ಅವನನ್ನು ದೂರಿ ಪ್ರಯೋಜನವಿಲ್ಲ, ಮಾತೇ ಹಾಗಿದೆ.

ಆದ್ದರಿಂದ ಅಲರ್ಜಿ ಇದ್ದವರು 'ಆಗೋದಿಲ್ಲ' ಎಂಬಲ್ಲಿಗೆ ನಿಲ್ಲಿಸಬಾರದು. "ಮೀನು ತಾಗಿದರೆ ಉಸಿರು ಕಟ್ಟುತ್ತದೆ, ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಮೀನು ಕಾಯಿಸಿದ ಎಣ್ಣೆ, ಮೀನಿನ ಸಾರಿನ ಸೌಟು, ಯಾವುದೂ ತಾಗಬಾರದು" ಎಂದು ಬಿಡಿಸಿ ಹೇಳಬೇಕು. ಅದೂ ಮಾಣಿಗಲ್ಲ, ಒಳಗೆ ಕಾವಲಿಯ ಮುಂದೆ ನಿಂತವನಿಗೆ ಅಥವಾ ಗಲ್ಲೆಯಲ್ಲಿ ಕೂತ ಯಜಮಾನರಿಗೆ. ದಿನಾ ಬೇರೆ ಬೇರೆ ಊರಿನಲ್ಲಿ ಉಣ್ಣುವ ಸೇಲ್ಸ್‌ಮನ್, ಡ್ರೈವರ್ ಮಂದಿ ಇದನ್ನೇ ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳಬಹುದು. ಕನ್ನಡದಲ್ಲಿ ಒಂದು ಸಾಲು, ಹಿಂದಿಯಲ್ಲಿ ಒಂದು ಸಾಲು ಇರಲಿ. ಯಾಕೆಂದರೆ ಈಗ ಎಷ್ಟೋ ಹೋಟೆಲುಗಳ ಅಡುಗೆಮನೆಯಲ್ಲಿ ಕೆಲಸ ಮಾಡುವವರು ಉತ್ತರ ಭಾರತದ ಕಡೆಯವರು.

ಇನ್ನು ಹೋಟೆಲಿನವರ ಮಾತು. ಗಿರಾಕಿ ಕೇಳಿದಾಗ "ಇಲ್ಲ ಸಾರ್, ಏನೂ ಇಲ್ಲ, ಧೈರ್ಯದಲ್ಲಿ ತಿನ್ನಿ" ಎನ್ನುವುದು ವ್ಯಾಪಾರದ ಬುದ್ಧಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಕಾವಲಿ ಒಂದೇ ಇದ್ದರೆ, "ನಮ್ಮಲ್ಲಿ ಕಷ್ಟ ಸಾರ್, ಪಕ್ಕದ ಸಸ್ಯಾಹಾರಿ ಹೋಟೆಲಿಗೆ ಹೋಗಿ" ಎಂದರೆ ಒಂದು ಊಟದ ವ್ಯಾಪಾರ ಹೋಗುತ್ತದೆ, ಅಷ್ಟೇ. ಇದರಲ್ಲಿ ಅವಮಾನವೇನೂ ಇಲ್ಲ.

ಬೆಂಕಿಗೂ ಬಗ್ಗದ ವಸ್ತು

"ಅಷ್ಟು ಕಾದ ಎಣ್ಣೆಯಲ್ಲಿ ಎಲ್ಲಾ ಸತ್ತುಹೋಗುತ್ತದಲ್ಲ?" ಎಂದು ಕೇಳುವವರಿದ್ದಾರೆ. ಕ್ರಿಮಿಯಾದರೆ ಸಾಯುತ್ತದೆ. ಇದು ಕ್ರಿಮಿಯಲ್ಲ. ಮೀನಿನ ಮಾಂಸದಲ್ಲಿರುವ ಪಾರ್ವಾಲ್ಬುಮಿನ್ ಎಂಬ ಒಂದು ಪ್ರೋಟೀನು. ಅಲರ್ಜಿಯ ಮುಖ್ಯ ಆರೋಪಿ ಇದೇ. ಕುದಿಸಿದರೂ ಹುರಿದರೂ ಇದರ ಉಪದ್ರ ಮುಗಿಯುವುದಿಲ್ಲ. ಎಣ್ಣೆಯಲ್ಲಿ ಉಳಿಯುತ್ತದೆ, ಒಣಮೀನಿನಲ್ಲಿ ಉಳಿಯುತ್ತದೆ, ಬೇಯುವ ಮೀನಿನ ಹಬೆಯಲ್ಲಿ ಹಾರಿ ಬಂದು ಕೆಲವರಿಗೆ ಉಬ್ಬಸ ತರಿಸುವುದೂ ಉಂಟು. ಮೀನು ಸಂಸ್ಕರಣೆಯ ಕಾರ್ಖಾನೆಗಳಲ್ಲಿ ದಿನವಿಡೀ ಮೀನು ಕತ್ತರಿಸುವ, ಮೀನಿನ ಹುಡಿಯ ನಡುವೆ ದುಡಿಯುವ ಕೆಲವರಿಗೆ ಕೈ ತುರಿಕೆ, ದಮ್ಮು ಹಿಡಿಯುವುದರ ಹಿಂದೆಯೂ ಮೀನಿನ ಪ್ರೋಟೀನುಗಳದ್ದೇ ಕೈವಾಡ.

ಬಂಗುಡೆ ಆಗದವನಿಗೆ ಕಾಣೆ ಆಗುತ್ತದೆಯೇ? ಹೆಚ್ಚಿನ ಮೀನುಗಳಲ್ಲಿ ಈ ಪ್ರೋಟೀನು ಒಂದೇ ಅಚ್ಚಿನದು. ಹಾಗಾಗಿ ಒಂದು ಮೀನು ಆಗದವರಿಗೆ ಹಲವು ಮೀನು ಆಗದೇ ಇರುವುದೇ ಜಾಸ್ತಿ. ಕೆಂಪು ಮಾಂಸದ ಟ್ಯೂನಾದಲ್ಲಿ ಅದರ ಪ್ರಮಾಣ ಕಡಿಮೆ. ತಾಟೆ, ತೊರಕೆಯಂಥ ಮೆದು ಎಲುಬಿನ ಮೀನುಗಳನ್ನು ಕೆಲವು ಅಲರ್ಜಿಯವರು ತಿಂದು ಜೀರ್ಣಿಸಿಕೊಂಡದ್ದೂ ಇದೆ. ಆದರೆ ಈ ಪರೀಕ್ಷೆಯನ್ನು ಮಾಡಬೇಕಾದದ್ದು ಆಸ್ಪತ್ರೆಯಲ್ಲಿ ವೈದ್ಯರ ಎದುರು. ಭಾವನ ಮನೆಯ ಔತಣದಲ್ಲಿ ಅಲ್ಲ.

ಸಿಗಡಿ, ಏಡಿಗಳ ಜಾತಕ ಬೇರೆ. ಅವುಗಳಲ್ಲಿ ತೊಂದರೆ ಕೊಡುವುದು ಟ್ರೋಪೊಮಯೋಸಿನ್ ಎಂಬ ಇನ್ನೊಂದು ಪ್ರೋಟೀನು. ಅದರ ಹತ್ತಿರದ ನೆಂಟ ಜಿರಳೆಯಲ್ಲೂ, ಹಾಸಿಗೆಯ ಧೂಳಿನ ನುಸಿಯಲ್ಲೂ ಇದೆ ಎಂದರೆ ಸಿಗಡಿಪ್ರಿಯರು ಸಿಟ್ಟಾಗಬಾರದು. ಸಿಗಡಿ ಆಗದವನು ಅಂಜಲ್ ಆರಾಮಾಗಿ ತಿನ್ನಬಹುದು, ಅಂಜಲ್ ಆಗದವನು ಸಿಗಡಿ ತಿನ್ನಬಹುದು. ಆದರೆ ಎರಡನ್ನೂ ಒಂದೇ ಬೇಸಿನ್ನಿನಲ್ಲಿ ಅದ್ದಿ ಒಂದೇ ಕಾವಲಿಯಲ್ಲಿ ಕಾಯಿಸುವ ನಮ್ಮ ಹೋಟೆಲುಗಳಲ್ಲಿ ಈ ಶಾಸ್ತ್ರದಿಂದ ಏನೂ ಉಪಯೋಗವಿಲ್ಲ.

ಅಂದ ಹಾಗೆ ಅಲರ್ಜಿ ಎಂಬುದು ರಕ್ತದಲ್ಲಿ ಇರುವ ಸಂಗತಿ ಎಂದು ಜಗತ್ತಿಗೆ ತೋರಿಸಿಕೊಟ್ಟದ್ದೇ ಮೀನು. 1921ರ ಮಾತು. ಆಗ ಜರ್ಮನಿಯಲ್ಲಿದ್ದ ಬ್ರೆಸ್ಲೌ ಊರಿನ ಕುಸ್ಟ್ನರ್ ಎಂಬ ವೈದ್ಯನಿಗೆ ಬೇಯಿಸಿದ ಮೀನು ತಿಂದರೆ ಮೈ ಊದುತ್ತಿತ್ತು. ಅವನ ರಕ್ತದ ಸೀರಮ್ಮನ್ನು ಪ್ರೌಸ್ನಿಟ್ಸ್ ಎಂಬ ಸಹೋದ್ಯೋಗಿ ತನ್ನ ಚರ್ಮಕ್ಕೆ ಚುಚ್ಚಿಕೊಂಡ. ಮಾರನೇ ದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ, ಮೀನು ತಿಂದರೆ ಏನೂ ಆಗದ ಪ್ರೌಸ್ನಿಟ್ಸನ ಚರ್ಮದ ಮೇಲೂ ಗಂದೆ ಎದ್ದಿತು! ರಕ್ತದಲ್ಲಿ ಏನೋ ಒಂದು ಇದೆ ಎಂಬುದು ಅಂದು ಖಚಿತವಾಯಿತು. ಆ 'ಏನೋ ಒಂದು' ಐಜಿಇ ಎಂಬ ಪ್ರತಿಕಾಯ ಎಂದು ಗೊತ್ತಾಗಲು 1960ರ ದಶಕದವರೆಗೆ ಕಾಯಬೇಕಾಯಿತು.

ಎಲ್ಲಾ ತುರಿಕೆಯೂ ಅಲರ್ಜಿಯಲ್ಲ

ಮೀನು ತಿಂದು ಮುಖ ಕೆಂಪಾದವರೆಲ್ಲ ಅಲರ್ಜಿಯವರಲ್ಲ. ಇಲ್ಲಿ ಹೋಟೆಲಿನವರೂ ಮೀನು ಮಾರುವವರೂ ಸ್ವಲ್ಪ ಕಿವಿಗೊಡಬೇಕು. ಬಂಗುಡೆ, ಬೂತಾಯಿ, ಟ್ಯೂನಾದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಜಾಸ್ತಿ. ಐಸು ಇಲ್ಲದೆ ಬಿಸಿಲಲ್ಲಿ ಬಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಅಲರ್ಜಿ ಆದಾಗ ನಮ್ಮ ಮೈ ತಾನೇ ಹೊರಬಿಡುವ ವಸ್ತುವೂ ಇದೇ ಹಿಸ್ಟಮಿನ್. ಹಾಗಾಗಿ ಲಕ್ಷಣಗಳು ತದ್ರೂಪು. ಮುಖ ಕೆಂಪಗೆ ಬಿಸಿಯಾಗುವುದು, ತಲೆನೋವು, ಎದೆ ಡವಡವ, ಗಂದೆ, ನಾಲಗೆಯಲ್ಲಿ ಮೆಣಸು ತಿಂದ ಹಾಗೆ ಚುರುಚುರು.

ವ್ಯತ್ಯಾಸ ತಿಳಿಯಲು ಒಂದು ಉಪಾಯವಿದೆ. ಒಂದೇ ಮೇಜಿನಲ್ಲಿ ಅದೇ ಬಂಗುಡೆ ತಿಂದ ನಾಲ್ವರಲ್ಲಿ ಮೂವರಿಗೆ ಹೀಗಾದರೆ ತಪ್ಪು ತಿಂದವರ ಮೈಯದ್ದಲ್ಲ, ಮೀನಿನದ್ದು. ನಿನ್ನೆ ತಿಂದಾಗ ಏನೂ ಆಗದೆ ಇಂದು ಮಾತ್ರ ಆದರೆ, ನಾಳೆ ಒಳ್ಳೇ ಮೀನು ತಿಂದಾಗ ಮತ್ತೆ ಆಗದೇ ಹೋದರೆ, ಆಗಲೂ ಅದರ ಮೇಲೆಯೇ ಸಂಶಯ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೆ ಹೋಗುವುದಿಲ್ಲ, ಮಸಾಲೆ ಜಾಸ್ತಿ ಹಾಕಿದರೂ ಹೋಗುವುದಿಲ್ಲ, ಫ್ರಿಜ್ಜಿನಲ್ಲಿಟ್ಟರೂ ಹೋಗುವುದಿಲ್ಲ. ದೋಣಿಯಿಂದ ಕಾವಲಿಯವರೆಗೆ ಐಸು ತಪ್ಪಬಾರದು, ಅದೊಂದೇ ದಾರಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ಆ 61 ದಿನ ಹೊರರಾಜ್ಯದ ಮೀನು ಲಾರಿಯಲ್ಲಿ ದೂರದಿಂದ ಬರುವಾಗ ಪೆಟ್ಟಿಗೆಯಲ್ಲಿ ಐಸು ಉಂಟೋ ನೀರು ಮಾತ್ರ ಉಂಟೋ ಎಂದು ನೋಡಿ ಕೊಳ್ಳುವುದು ಒಳ್ಳೆಯದು. ಗಿರಾಕಿಗೆ ತೋರಿಸಲು ತಟ್ಟೆಯಲ್ಲಿ ಜೋಡಿಸಿದ ಮೀನು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಫ್ಯಾನಿನ ಕೆಳಗೆ ತಿರುಗಾಡುವುದೂ ಅಷ್ಟೇನೂ ಚೆಂದದ ಪದ್ಧತಿಯಲ್ಲ.

ಇನ್ನು ಅಜ್ಜಿಯರ ಕಾಲದಿಂದ ಬಂದ 'ಮೀನು ನಂಜು' ಎಂಬ ಮಾತು. ಮೀನು ತಿಂದು ಮೊಸರು ತಿಂದರೆ ತೊನ್ನು ಬರುತ್ತದೆ ಎಂದು ಇವತ್ತಿಗೂ ನಂಬಿದವರಿದ್ದಾರೆ. ತೊನ್ನಿಗೂ ಮೀನು-ಮೊಸರಿಗೂ ಯಾವ ಸಂಬಂಧವೂ ಇಲ್ಲ. ನಂಜು ಎಂಬ ಒಂದೇ ಮೂಟೆಯಲ್ಲಿ ಹಳಸಿದ ಮೀನು, ನಿಜವಾದ ಅಲರ್ಜಿ, ಬರೀ ಭಯ ಮೂರನ್ನೂ ಕಟ್ಟಿಟ್ಟ ಕಾರಣ ನಿಜವಾದ ರೋಗಿಯ ಮಾತನ್ನು ಯಾರೂ ನಂಬುವುದಿಲ್ಲ. "ಅದೆಲ್ಲಾ ಮನಸ್ಸಿನ ಭ್ರಮೆ, ಒಂದು ತುಂಡು ತಿಂದು ನೋಡು" ಎಂದು ಒತ್ತಾಯ ಮಾಡುವ ಅತ್ತೆಯೋ ಸ್ನೇಹಿತನೋ ಇಲ್ಲದ ಮನೆ ಯಾವುದು!

ಪರೀಕ್ಷೆಯ ಕಾಗದವನ್ನೂ ಪೂರ್ತಿ ನಂಬುವ ಹಾಗಿಲ್ಲ. ಕರ್ನಾಟಕದ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಸುಮಾರು ಕಾಲು ಭಾಗ ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯ ಕಂಡಿತ್ತು. ನಿಜವಾಗಿ ಆಹಾರದ ಅಲರ್ಜಿ ಇರುವ ಸಂಭವ ಕಂಡದ್ದು ನೂರಕ್ಕೆ ಒಬ್ಬರ ಆಸುಪಾಸು ಮಾತ್ರ. ಅಂದರೆ ಲ್ಯಾಬಿನವರ ಪಟ್ಟಿಯಲ್ಲಿ ಮೀನಿನ ಎದುರು ಕೆಂಪು ಗುರುತು ಬಿತ್ತೆಂದು ದಿನಾ ನೆಮ್ಮದಿಯಲ್ಲಿ ಮೀನು ತಿನ್ನುವವ ಬಿಡಬೇಕಾಗಿಲ್ಲ. ತಿಂದಾಗ ಏನಾಯಿತು, ಎಷ್ಟು ಹೊತ್ತಿನಲ್ಲಿ ಆಯಿತು ಎಂಬುದನ್ನು ಕೇಳದ ಪರೀಕ್ಷೆ ಅರ್ಧ ಪರೀಕ್ಷೆ. ಮಕ್ಕಳಿಗೆ ಹಾಲು, ಮೊಟ್ಟೆಯ ಅಲರ್ಜಿ ಬೆಳೆಯುತ್ತಾ ಬಿಟ್ಟುಹೋಗುವುದು ಜಾಸ್ತಿ. ಮೀನಿನದ್ದು ಹಾಗಲ್ಲ, ಹೆಚ್ಚಾಗಿ ಉಳಿದುಕೊಳ್ಳುತ್ತದೆ. ದೊಡ್ಡವರಾದ ಮೇಲೆ ಹೊಸದಾಗಿ ಶುರುವಾಗುವುದೂ ಉಂಟು.

ಮನೆಯ ಬಿಸಲೆ ಹೇಳುವ ಪಾಠ

ಬೇರೆ ಪಾತ್ರೆ, ಬೇರೆ ಸೌಟು ಎಂದರೆ ಹೋಟೆಲಿನವರು ಮೂಗು ಮುರಿಯುತ್ತಾರೆ. ಆದರೆ ಈ ಶಿಸ್ತು ಕರಾವಳಿಗೆ ಹೊಸದೇ? ಹಳೇ ಮನೆಗಳಲ್ಲಿ ಮೀನಿಗೆಂದೇ ಮಣ್ಣಿನ ಬಿಸಲೆ ಇರುತ್ತಿತ್ತು, ಅದರಲ್ಲಿ ಬೇರೆ ಏನನ್ನೂ ಮಾಡುವ ಹಾಗಿರಲಿಲ್ಲ. ಮೀನಿನ ಕತ್ತಿ ಬೇರೆ, ಮೀನು ತೊಳೆಯುವ ಕಲ್ಲು ಅಂಗಳದ ಆಚೆ. ವ್ರತದ ದಿನ ಒಲೆಯನ್ನೂ ಸಾರಿಸಿ ಆಮೇಲೆ ಅಡುಗೆ. ಮಡಿಗಾಗಿ ಮಾಡಿದ ಈ ವ್ಯವಸ್ಥೆಯನ್ನೇ ಅಲರ್ಜಿಯವನಿಗಾಗಿ ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು.

ಚಿಕ್ಕ ಹೋಟೆಲಿನವರು ಹೊಸ ಅಡುಗೆಮನೆ ಕಟ್ಟಿಸಬೇಕಿಲ್ಲ. ಒಂದು ಸಣ್ಣ ಬಾಣಲೆ, ಒಂದು ಸಟ್ಟುಗ, ಒಂದು ಚಾಕು, ಒಂದು ಹಲಗೆ. ಹಿಡಿಗೆ ಬಣ್ಣದ ದಾರ ಸುತ್ತಿ ಬೇರೆ ಗೂಟಕ್ಕೆ ನೇತುಹಾಕಿದರಾಯಿತು. ಎಣ್ಣೆ ಹೊಸದೇ ಆಗಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಮಸಾಲೆಯನ್ನು ಬೆಳಗ್ಗೆಯೇ, ಅದಕ್ಕೆ ಮೀನು ಬೀಳುವ ಮುಂಚೆ, ಒಂದು ಡಬ್ಬಿಯಲ್ಲಿ ತೆಗೆದಿಟ್ಟರೆ ಸಾಕು. ಅಡುಗೆಯವನು ಸೋಪು ಹಾಕಿ ಕೈ ತೊಳೆಯಬೇಕು. ಬರೇ ನೀರಲ್ಲಿ ಅದ್ದುವುದೋ, ಕೊರೋನಾ ಕಾಲದ ಸ್ಯಾನಿಟೈಸರ್ ಉಜ್ಜುವುದೋ ಪ್ರಯೋಜನಕ್ಕಿಲ್ಲ. ಅದು ಕ್ರಿಮಿ ಕೊಲ್ಲುತ್ತದೆ, ಪ್ರೋಟೀನು ಅಲ್ಲೇ ಅಂಟಿಕೊಂಡಿರುತ್ತದೆ. ಎಲ್ಲಕ್ಕಿಂತ ದೊಡ್ಡ ಕಳ್ಳ ಹೆಗಲ ಮೇಲಿನ ಒರೆಸುವ ಬಟ್ಟೆ! ಮೀನಿನ ತಟ್ಟೆ ಒರೆಸಿ, ಮೇಜು ಒರೆಸಿ, ಅದರಲ್ಲೇ ಲೋಟ ಒರೆಸುವ ಆ ಬಟ್ಟೆಯನ್ನು ಅಲರ್ಜಿ ಇಲ್ಲದವರೂ ಒಪ್ಪಲಿಕ್ಕಿಲ್ಲ.

ಬಡಿಸುವಾಗಿನ ಎಡವಟ್ಟೇ ಬೇರೆ. ಕುಚ್ಚಲಕ್ಕಿ ಅನ್ನದ ಮೇಲೆ ಕೇಳದೇ ಒಂದು ಸೌಟು ಮೀನಿನ ಸಾರು ಹಾಕುವುದು ನಮ್ಮ ಹೋಟೆಲುಗಳ ಔದಾರ್ಯ. ಅಕಸ್ಮಾತ್ ಬಿದ್ದರೆ ಆ ಅನ್ನವನ್ನು ಬದಿಗೆ ಸರಿಸಿ ಅದೇ ತಟ್ಟೆಯಲ್ಲಿ ಬೇರೆ ಅನ್ನ ಹಾಕಿ ಕೊಟ್ಟರೆ ಆಗಲಿಲ್ಲ. ತಟ್ಟೆಯೇ ಬದಲಾಗಬೇಕು. ಸಾಂಬಾರಿನ ಬಕೆಟ್ಟಿಗೆ ಮೀನಿನ ಸಾರಿನ ಸೌಟು ಬೀಳುವ ಸಂಭವವೂ ಇದೆ. ಸೌಟು ಬೆರೆಯದ ಹಾಗೆ ಎರಡು ಬಕೆಟ್ಟಿಗೆ ಎರಡು ಮಾಣಿ ಇದ್ದರೆ ಒಳ್ಳೆಯದು.

ಅಂಗಡಿಯವರಿಗೆ ಎರಡು ಮಾತು

2020ರ ಆಹಾರ ಸುರಕ್ಷತೆ ಲೇಬಲ್ ನಿಯಮಗಳ ಪ್ರಕಾರ ಪ್ಯಾಕೆಟ್ ಮಾಲಿನ ಮೇಲೆ ನಮೂದಿಸಲೇಬೇಕಾದ ಅಲರ್ಜಿ ಪದಾರ್ಥಗಳಲ್ಲಿ ಮೀನೂ ಒಂದು. ಸಿಗಡಿ ಜಾತಿ, ಹಾಲು, ಮೊಟ್ಟೆ, ನೆಲಗಡಲೆ ಮೊದಲಾದವೂ ಆ ಪಟ್ಟಿಯಲ್ಲಿವೆ. ದೊಡ್ಡ ಸರಣಿ ಹೋಟೆಲುಗಳ ಮೆನು ಕಾರ್ಡಿಗೂ ಅಲರ್ಜಿ ಮಾಹಿತಿ ಬಂದಿದೆ. ಆದರೆ ನಮ್ಮ ಪೇಟೆಯ ವ್ಯಾಪಾರದಲ್ಲಿ ಬಿಡಿ ಮಾಲು ಎಷ್ಟಿಲ್ಲ! ಒಣ ಬೂತಾಯಿ ತೂಗಿದ ತಕ್ಕಡಿಯಲ್ಲೇ ಉದ್ದಿನ ಬೇಳೆ ತೂಗುವ ಅಂಗಡಿಯಲ್ಲಿ ಲೇಬಲ್ಲು ಅಂಟಿಸುವುದು ಎಲ್ಲಿಗೆ? ಒಣಮೀನಿಗೆ ಬೇರೆ ತಕ್ಕಡಿ, ಬೇರೆ ಮೂಲೆ ಇದ್ದರೆ ಬೇಳೆಗೆ ವಾಸನೆಯೂ ಹತ್ತುವುದಿಲ್ಲ.

ಮೀನು ಅಡಗಿ ಕೂರುವ ಜಾಗಗಳೂ ಇವೆ. ಚೈನೀಸ್ ಗಾಡಿಯ ಸಾಸುಗಳ ಸಾಲಿನಲ್ಲಿ ಫಿಶ್ ಸಾಸ್ ಇರಬಹುದು. ವೂಸ್ಟರ್ ಸಾಸಿನ ಹಳೇ ಪಾಕದಲ್ಲಿ ಆಂಚೊವಿ ಎಂಬ ಸಣ್ಣ ಮೀನು ಬೀಳುತ್ತದೆ. ಮೆಡಿಕಲ್ ಶಾಪಿನಲ್ಲಿ ಒಮೆಗಾ-3 ಎಂದು ಕೊಡುವ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಮೀನೆಣ್ಣೆ. ಜೆಲಾಟಿನ್ ಎಂಬುದು ಮೀನಿನದ್ದೂ ಇರಬಹುದು. ಬೇಕರಿಯವರು ಫಿಶ್ ಕಟ್ಲೆಟ್ಟೂ ವೆಜ್ ಪಫ್ಸೂ ಒಂದೇ ಇಕ್ಕಳದಲ್ಲಿ ಎತ್ತುವುದನ್ನು ದಿನಾ ನೋಡಬಹುದು. ಎರಡು ಇಕ್ಕಳ ಇಟ್ಟರೆ ಎಷ್ಟು ಖರ್ಚಾದೀತು?

ಬಸ್ಸಿನ ವಿಷಯ ಸ್ವಲ್ಪ ನೆಮ್ಮದಿಯದು. ಪಕ್ಕದ ಸೀಟಿನವರ ಚೀಲದಲ್ಲಿ ಹಸಿ ಮೀನಿದ್ದರೆ ವಾಸನೆ ಬರುತ್ತದೆ, ಬರೀ ವಾಸನೆಯಿಂದ ದೊಡ್ಡ ಅನಾಹುತ ಆಗುವುದು ಅಪರೂಪ. ಆದರೆ ಮೀನಿನ ನೀರು ಸೋರಿದ ಸೀಟಿನ ಕಂಬಿ ಹಿಡಿದು, ಅದೇ ಕೈಯಲ್ಲಿ ಮಗುವಿಗೆ ಬಿಸ್ಕತ್ತು ಕೊಡುವುದು ಬೇಡ.

ಉಸಿರು ಕಟ್ಟಿದಾಗ

ಇಷ್ಟೆಲ್ಲಾ ಎಚ್ಚರ ಇದ್ದೂ ಒಂದು ದಿನ ತಪ್ಪಿಹೋಗಬಹುದು. ಆಗ ಮಾಡುವುದೇನು? ಮೈಮೇಲೆ ನಾಲ್ಕು ಗಂದೆ ಎದ್ದು ತುರಿಸಿದರೆ ಪುನರ್ಪುಳಿ ಶರಬತ್ತು ಕುಡಿಸುವುದು, ಕಂಬಳಿ ಉಜ್ಜುವುದು ನಮ್ಮವರ ಪದ್ಧತಿ. ಬರೀ ತುರಿಕೆಯಾದರೆ ಆ ಶರಬತ್ತಿನಿಂದ ನಷ್ಟವಿಲ್ಲ. ಆದರೆ ಸ್ವರ ಕೀರಲಾದರೆ, ನಾಲಗೆ ದಪ್ಪವಾದರೆ, ಉಸಿರು ಸುಂಯ್‌ಗುಟ್ಟಿದರೆ, ತಲೆ ತಿರುಗಿ ಕಣ್ಣು ಕತ್ತಲಿಟ್ಟರೆ ಶರಬತ್ತೂ ಬೇಡ, ನೀರೂ ಬೇಡ, ಬಾಯಿಗೆ ಏನನ್ನೂ ಹಾಕಬಾರದು. ಗಂದೆಯೇ ಏಳದೆ ನೇರವಾಗಿ ಉಸಿರಿಗೆ ಬರುವುದೂ ಇದೆ.

ಮೆಡಿಕಲ್ ಶಾಪಿನಿಂದ ತಂದ ಅಲರ್ಜಿ ಮಾತ್ರೆ ತುರಿಕೆಗೆ ಸರಿ, ಉಸಿರು ಕಟ್ಟುವುದನ್ನು ಅದು ತಡೆಯಲಾರದು. ಈ ಹೊತ್ತಿಗೆ ಬೇಕಾದ ಮದ್ದು ಅಡ್ರಿನಲಿನ್ ಇಂಜೆಕ್ಷನ್. ತೊಡೆಯ ಹೊರಬದಿಯ ಮಾಂಸಕ್ಕೆ, ತಡಮಾಡದೆ ಕೊಡಬೇಕು. ದುಬಾರಿ ಮದ್ದೇನಲ್ಲ. ವಿದೇಶಗಳಲ್ಲಿ ರೋಗಿಗಳು ಇದನ್ನು ಪೆನ್ನಿನ ಹಾಗೆ ಕಿಸೆಯಲ್ಲಿಟ್ಟುಕೊಂಡು ತಾವೇ ಚುಚ್ಚಿಕೊಳ್ಳುತ್ತಾರೆ. ನಮ್ಮ ಕಡೆಯ ಮಾಮೂಲಿ ಔಷಧದಂಗಡಿಯಲ್ಲಿ ಅಂಥ ಪೆನ್ನು ಸಿಗುವುದು ಕಷ್ಟ, ಆದ್ದರಿಂದ ಹತ್ತಿರದ ಆಸ್ಪತ್ರೆಯೇ ಗತಿ. ಒಮ್ಮೆ ಹೀಗಾದವರು ಮುಂದಿನ ಸಲಕ್ಕೆ ಏನು ವ್ಯವಸ್ಥೆ ಎಂದು ತಮ್ಮ ಡಾಕ್ಟರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಬೇಕು.

108ಕ್ಕೆ ಫೋನು ಮಾಡುವಾಗ ಬರೀ 'ಹುಷಾರಿಲ್ಲ' ಎನ್ನದೆ 'ಆಹಾರದ ಅಲರ್ಜಿ, ಉಸಿರು ಕಟ್ಟುತ್ತಿದೆ' ಎಂದೇ ಹೇಳಬೇಕು. ಅಷ್ಟರವರೆಗೆ ರೋಗಿಯನ್ನು ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕೆ ಇಡಬೇಕು. ಉಸಿರಾಟಕ್ಕೆ ಕಷ್ಟವಾದರೆ ಕೂತಿರಲಿ, ವಾಂತಿ ಬಂದರೆ ಮಗ್ಗುಲಾಗಲಿ. ಎಬ್ಬಿಸಿ ನಿಲ್ಲಿಸುವುದು, ಗಾಳಿಗೆ ಬರಲಿ ಎಂದು ಹೊರಗೆ ನಡೆಸುವುದು, ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದು ಅಪಾಯ. ರಕ್ತದೊತ್ತಡ ಇಳಿದ ಮನುಷ್ಯ ಎದ್ದು ನಿಂತರೆ ಅಲ್ಲೇ ಕುಸಿಯಬಹುದು.

ಇಂಜೆಕ್ಷನ್ ಬಿದ್ದ ಹತ್ತು ನಿಮಿಷಕ್ಕೆ ಮುಖ ಕಳೆಗಟ್ಟಿ, "ನಂಗೇನೂ ಇಲ್ಲ, ಮನೆಗೆ ಹೋಗ್ತೇನೆ" ಎಂದು ಏಳುವವರಿದ್ದಾರೆ. ಕೆಲವರಿಗೆ ಕೆಲವು ಗಂಟೆ ಕಳೆದ ಮೇಲೆ ಎರಡನೇ ಸುತ್ತು ಬರುತ್ತದೆ. ಅದಕ್ಕಾಗಿ ಡಾಕ್ಟರು ಬಿಡುವವರೆಗೆ ಆಸ್ಪತ್ರೆಯಲ್ಲೇ ಇರಬೇಕು. ಜೊತೆಗೆ ಹೋದವರು ತಿಂದದ್ದು ಯಾವ ಮೀನು, ಎಷ್ಟು ಹೊತ್ತಿಗೆ, ಮೇಜಿನಲ್ಲಿ ಬೇರೆ ಯಾರಿಗಾದರೂ ಹಾಗೆ ಆಯಿತೇ ಎಂದು ಕೇಳಿ ಬಸ್ ಟಿಕೆಟಿನ ಹಿಂದೆಯಾದರೂ ಬರೆದುಕೊಂಡು ಹೋದರೆ ಡಾಕ್ಟರ ಕೆಲಸ ಅರ್ಧ ಸುಲಭ.